ಒಳ್ಳೆ ಕೈಗೆ ಚೀಲ

ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ದರ್ಜಿಯಣ್ಣನನ್ನು ತಿಳಿಯದವರಿಲ್ಲ. ಕೊರಳಲ್ಲಿ ಅಳತೆಯ ಟೇಪು, ನಾಲಿಗೆಯ ತುದಿಯಲ್ಲಿ ಮಾತು. ಅಂಥವನಿಗೆ ಲಕ್ವ ಹೊಡೆದು ಬಲಗೈ ಸೋತುಹೋಯಿತು. ಮಾತಿಗೆ ಮಾತ್ರ ಏನೂ ಆಗಲಿಲ್ಲ. ಅದು ಪುಣ್ಯವೋ ಕರ್ಮವೋ ಅವನ ಹೆಂಡತಿಯನ್ನೇ ಕೇಳಬೇಕು.

"ಹೊಲಿಗೆ ಯಾರು ಬೇಕಾದ್ರೂ ಹಾಕ್ತಾರೆ, ಬಟ್ಟೆ ಕತ್ತರಿಸೋನೇ ದರ್ಜಿ" ಎಂದು ಜೀವಮಾನವೆಲ್ಲ ಮೆರೆದವನು, ಈಗ ಕತ್ತರಿ ಎತ್ತಲಾರ. "ನಿನ್ನ ತಮ್ಮನೂ ದರ್ಜಿನೇ ಅಲ್ವಾ, ಇದನ್ನ ಅವನಿಗೆ ಕೊಟ್ಟುಬಿಡು" ಎಂದು ಗೋಡೆಯ ಕಡೆ ತಿರುಗಿ ಮಲಗಿದ. ಹೆಂಡತಿ ಹೂಂ ಎಂದು ಕತ್ತರಿಯನ್ನು ಬೀರುವಿನಲ್ಲಿ ಬಚ್ಚಿಟ್ಟಳು.

ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ಮಾಡಿಸುವ ಹುಡುಗಿ, ಕೈಗೊಂದು ಗವಸಿನಂಥ ಚೀಲ ಹೊಲಿದು ಹಗಲೆಲ್ಲ ಹಾಕಿಕೊಳ್ಳಲು ಹೇಳಿದಳು. ಯಾವ ಕೈಗೆ ಎಂದೂ ಹೇಳಿದ್ದಳು ಪಾಪ. ಆಗ ನಮ್ಮ ದರ್ಜಿಯಣ್ಣ ಅವಳ ಬಿಳಿ ಕೋಟಿನ ತೋಳು ಎಷ್ಟು ಕೆಟ್ಟದಾಗಿ ಕೂತಿದೆ ಎಂದು ನೋಡುತ್ತಿದ್ದ. ಮನೆಗೆ ಬಂದು ಹೆಂಡತಿಗೆ ಹೇಳಿದ, ಅವಳು ಮೆತ್ತನೆಯ ಬಟ್ಟೆಯಲ್ಲಿ ಚೆಂದದ ಚೀಲ ಹೊಲಿದು ಸೋತ ಕೈಗೇ ತೊಡಿಸಿದಳು. ಆರೈಕೆ ಬೇಕಾದದ್ದು ಅದಕ್ಕೇ ಅಲ್ಲವೇ!

ಮುಂದಿನ ವಾರ ಹುಡುಗಿ ನಕ್ಕೂ ನಕ್ಕೂ ಸುಸ್ತಾದಳು. "ಉಲ್ಟಾ ಆಯ್ತು ಅಣ್ಣ. ಚೀಲ ಒಳ್ಳೆ ಕೈಗೆ."

"ಒಳ್ಳೆ ಕೈ ಏನು ತಪ್ಪು ಮಾಡ್ತಮ್ಮ?"

"ಎಲ್ಲಾ ಕೆಲಸ ತಾನೇ ಮಾಡಿಬಿಡುತ್ತೆ, ಅದೇ ತಪ್ಪು. ಆಮೇಲೆ ಮಿದುಳು ಈ ಸೋತ ಕೈಯನ್ನ ಮರೆತೇಬಿಡುತ್ತೆ. ನಿಮಗೆ ಬೆರಳು ಇನ್ನೂ ಅಲ್ಲಾಡುತ್ತಲ್ಲ, ಅದಕ್ಕೇ ಧೈರ್ಯ. ಎಲ್ಲೋ ದೂರದಲ್ಲಿ ವರ್ಷಗಟ್ಟಲೆ ಸಂಶೋಧನೆ ಮಾಡಿದಾರೆ. ನಿಮ್ಮಂಥೋರು ಎಷ್ಟೋ ಜನ ಅಲ್ಲಿ ಚೀಲ ಹಾಕ್ಕೊಂಡು ಒದ್ದಾಡಿದ್ದಕ್ಕೇ ಇದು ನನ್ನ ತನಕ ಬಂತು."

ಅಂದಿನಿಂದ ಮನೆಯಲ್ಲಿ ದಿನವೂ ರಾದ್ಧಾಂತ. ನೀರು ಚೆಲ್ಲಿತು, ಲೋಟ ಉರುಳಿತು. ಗುಂಡಿ ಹಾಕಿಕೊಳ್ಳಲಾಗದೆ, ಕಾಜಾ ಚಿಕ್ಕದಾಯಿತು ಎಂದು ಗೊಣಗಿದ.

"ಕುಣಿಯಲಾರದವಳು ನೆಲ ಡೊಂಕು ಅಂದಳಂತೆ" ಎಂದಳು ಹೆಂಡತಿ. "ಆ ಅಂಗಿ ಹೊಲಿದೋರು ನೀವೇ ರೀ."

ಅವಳಿಗೂ ನೋಡಲಾಗುತ್ತಿರಲಿಲ್ಲ. ಆದರೂ ಸಹಾಯಕ್ಕೆ ಹೋಗಲಿಲ್ಲ, ಕೈಕಟ್ಟಿ ನಿಂತಳು. ಗುಂಡಿ ಕಾಜಾದೊಳಗೆ ಹೋದ ದಿನ ಬೀರು ತೆರೆದು ಕತ್ತರಿಯನ್ನು ಮೇಜಿನ ಮೇಲಿಟ್ಟಳು.

"ನಿನ್ನ ತಮ್ಮನಿಗೆ ಕೊಡಲಿಲ್ವಾ?"

"ಅವನಿಗೆ ಬೇರೆ ಇದೆ."

ಮೊದಲ ಬಟ್ಟೆ ಇಲಿ ಕಡಿದ ಹಾಗಾಯಿತು. ಆಮೇಲಿನದೂ ಅಷ್ಟೇ. ಕೊನೆಗೊಂದು ಬೆಳಿಗ್ಗೆ ಕತ್ತರಿ ಸೀಮೆಸುಣ್ಣದ ಗೆರೆ ಬಿಡದೆ ತುದಿ ಮುಟ್ಟಿತು. ದರ್ಜಿಯಣ್ಣನ ಬಾಯಿಂದ ಮಾತೇ ಹೊರಡಲಿಲ್ಲ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡು, "ಅಬ್ಬಾ, ಬಾಯಿಗೂ ಸ್ವಲ್ಪ ವಿಶ್ರಾಂತಿ ಸಿಕ್ತು" ಎಂದಳು.

ಈಗ ಆ ಆಸ್ಪತ್ರೆಯ ಚೀಲಗಳೆಲ್ಲ ಅವರ ಮನೆಯವೇ. ಪ್ರತಿಯೊಂದರ ಮೇಲೂ ಕೆಂಪು ದಾರದಲ್ಲಿ 'ಒಳ್ಳೆ ಕೈಗೆ' ಎಂದು ಹೆಂಡತಿ ಬರೆದು ಹೊಲಿಯುತ್ತಾಳೆ. ಮೊನ್ನೆ ಕೈ ಸೋತ ಕ್ಷೌರಿಕನೊಬ್ಬ ಅದನ್ನು ಹಿಡಿದು, "ಇದರಿಂದ ಏನಾದ್ರೂ ಆಗುತ್ತಾ ಅಣ್ಣ?" ಎಂದು ಕುಗ್ಗಿದ ದನಿಯಲ್ಲಿ ಕೇಳಿದ.

"ಹೊಲಿಗೆ ನನ್ನ ಹೆಂಡತೀದು" ಎಂದ ದರ್ಜಿಯಣ್ಣ, ಅವನ ಮುಂದೆ ಬಲಗೈ ಚಾಚಿ. "ಬಟ್ಟೆ ಕತ್ತರಿಸಿದ್ದು ಇದು."