ನೀರಿನ ಪೆಟ್ಟಿಗೆಯ ಲಲಿತಮ್ಮ

ಜಾವಗಲ್ಲಿನಿಂದ ಹಳೇಬೀಡಿಗೆ ಹೋಗುವ ರಸ್ತೆಯ ಬಲಗಡೆಗೆ 'ಹಸಿರಂಗಳ' ಎಂಬ ದೊಡ್ಡ ಬೋರ್ಡು ಕಾಣುತ್ತದೆ. ಒಳಗೆ ಹದಿನಾಲ್ಕು ಎಕರೆ, ಅದರಲ್ಲಿ ಒಂಬತ್ತು ಎಕರೆ ಬರೀ ಹುಲ್ಲು. ದನ ಮೇಯುವ ಹುಲ್ಲಲ್ಲ. ಮದುವೆಯವರು ಕುರ್ಚಿ ಹಾಕಿಕೊಂಡು ಕೂರಲಿ, ದೇವಸ್ಥಾನ ನೋಡಿ ಬಂದವರು ಫೋಟೋ ತೆಗೆಸಿಕೊಳ್ಳಲಿ ಎಂದು ಎಲ್ಲಿಂದಲೋ ಲಾರಿಯಲ್ಲಿ ತಂದು ಹಾಸಿದ ಹುಲ್ಲು. ರಾಗಿ ಬೆಳೆಯುವ ನೆಲದಲ್ಲಿ ಇಂಥದ್ದೊಂದನ್ನು ವರ್ಷವಿಡೀ ಹಸಿರಾಗಿಡುವುದು ಹುಡುಗಾಟವೇನಲ್ಲ. ಆ ಕೆಲಸ ಲಲಿತಮ್ಮನದು.

ಆರು ವರ್ಷ ಅವಳು ಇನ್ನೂ ಆರು ಜನ ಹೆಂಗಸರ ಜೊತೆ ರಬ್ಬರ್ ಪೈಪು ಹೆಗಲ ಮೇಲೆ ಹೊತ್ತು ನೀರು ಹಾಯಿಸಿದಳು. ಹೋದ ಜುಲೈನಲ್ಲಿ ಮಾಲೀಕ ಶರತ್ಚಂದ್ರ ಬೆಂಗಳೂರಿನ ಕಂಪನಿಯೊಂದರಿಂದ ಯಂತ್ರ ತರಿಸಿದರು. ಅರಸೀಕೆರೆಯಲ್ಲಿ ಕೊಬ್ಬರಿ ವ್ಯಾಪಾರ ಮಾಡಿಕೊಂಡು ಬಂದ ಮನೆಯವರು ಅವರು, ಹೊಸದೆಂದರೆ ಮುಂದು. ನೆಲದೊಳಗೆ ಹನ್ನೆರಡು ವಾಲ್ವು, ಸ್ಟೋರ್ ರೂಮಿನ ಗೋಡೆಗೆ ಬೀಗ ಹಾಕುವ ಒಂದು ಪೆಟ್ಟಿಗೆ. ಪೆಟ್ಟಿಗೆಗೆ ಹೊತ್ತು ಹೇಳಿಟ್ಟರೆ ಸಾಕು. ಬೆಳಗಾಗುವ ಮುಂಚೆ ಅದೇ ಒಂದೊಂದು ಭಾಗಕ್ಕೂ ಸರದಿಯ ಮೇಲೆ ನೀರು ಬಿಟ್ಟು, ಅದೇ ನಿಲ್ಲಿಸಿ, ಎಷ್ಟು ಹೊತ್ತು ಬಿಟ್ಟೆನೆಂದು ಮಾಲೀಕರ ಫೋನಿಗೆ ವರದಿ ಒಪ್ಪಿಸುತ್ತದೆ. ಉಳಿದ ಹೆಂಗಸರನ್ನು ಅಡುಗೆಮನೆಗೂ ಕಾಟೇಜಿನ ಕೆಲಸಕ್ಕೂ ಹಾಕಿದರು. ಪೆಟ್ಟಿಗೆ ನೋಡಿಕೊಳ್ಳಲು ಹಾಸನದಿಂದ ಐಟಿಐ ಓದಿದವರೊಬ್ಬರನ್ನು ಕರೆಸುವ ಮಾತಿತ್ತು.

ಲಲಿತಮ್ಮ ಓದಿದ್ದು ಏಳನೇ ಕ್ಲಾಸು. ಆದರೂ ಸೀದಾ ಆಫೀಸಿಗೆ ಹೋಗಿ ನಿಂತಳು.

"ಸಾರ್, ಆ ಪೆಟ್ಟಿಗೆ ನಾನು ನೋಡ್ಕತೀನಿ."

ಶರತ್ಚಂದ್ರ ನಕ್ಕರು. ಅವಳು ನಗಲಿಲ್ಲ, ಅಲ್ಲಿಂದ ಕದಲಲೂ ಇಲ್ಲ. ನಕ್ಕು ಮುಗಿದ ಮೇಲೆ ಅವರಿಗೇ ಒಂಥರಾ ಆಯಿತು.

"ನೋಡಿ ಲಲಿತಮ್ಮ, ಅಕ್ಟೋಬರ್ ಮುಗಿಯೋವರೆಗೆ ಬೀಗದ ಕೈ ನಿಮ್ಮ ಹತ್ರ ಇರಲಿ. ಹುಲ್ಲು ಚೆನ್ನಾಗಿದ್ರೆ ಕೆಲಸ ನಿಮಗೇ ಖಾಯಂ. ಬಾಡಿದ್ರೆ ಹಾಸನದೋರು ಬರ್ತಾರೆ. ಆಮೇಲೆ ನನ್ನ ಬೈಕೋಬಾರದು."

ಅವತ್ತಿನಿಂದ ಆ ಬೀಗದ ಕೈ ಅವಳ ತಾಳಿಸರದ ಪಿನ್ನಿಗೆ ಸೇರಿತು. ಯಂತ್ರ ಕೂರಿಸಲು ಬಂದಿದ್ದ ಕಂಪನಿಯ ಚನ್ನೇಶ್ ಅರಸೀಕೆರೆ ಹತ್ತಿರದ ಗಂಡಸಿ ಊರಿನ ಕಡೆಯವನು, ಒಳ್ಳೆಯವನು. ಅವನನ್ನು ಅವಳು ಹಿಂಡಿ ಹಿಪ್ಪೆ ಮಾಡಿದಳು. ಒಂದೊಂದು ಗುಂಡಿಯನ್ನೂ ಮೂರು ಮೂರು ಸಲ ಒತ್ತಿಸಿ, ಹೇಳಿಸಿ, ಕನ್ನಡದಲ್ಲಿ ಬರೆದುಕೊಂಡಳು. 'ಸ್ಟೇಷನ್ ಅಂದರೆ ರೈಲು ನಿಲ್ಲುವುದಲ್ಲ, ನೀರು ಬೀಳುವ ಜಾಗ' ಎಂದು ಅವಳ ಪುಸ್ತಕದ ಮೊದಲ ಪುಟದಲ್ಲೇ ಇದೆ. ಹನ್ನೆರಡು ನಂಬರುಗಳಿಗೂ ಹೆಸರಿಟ್ಟಳು: ಒಂದನೆಯದು ಗೇಟಿನ ದಿಬ್ಬ, ನಾಲ್ಕನೆಯದು ಹಲಸಿನಡಿ, ಏಳನೆಯದು ಮಂಟಪದ ಮುಂದು. ಯಂತ್ರ ತಿಂಗಳ ಲೆಕ್ಕದಲ್ಲಿ ನೀರು ಹೆಚ್ಚು ಕಡಿಮೆ ಮಾಡು ಎಂದರೆ ಇವಳು ಮಳೆ ನಕ್ಷತ್ರದ ಲೆಕ್ಕದಲ್ಲಿ ಮಾಡಿದಳು. ಪುಷ್ಯಕ್ಕೆ ಇಷ್ಟು, ಮಖಕ್ಕೆ ಇಷ್ಟು. ಚನ್ನೇಶ್ ತಲೆ ಕೆರೆದುಕೊಂಡ. ಹುಲ್ಲು ಮಾತ್ರ ಗಿಳಿಹಸಿರಾಗಿ ನಿಂತಿತು.

ಸ್ಟೋರಿನ ಸೂರಿನಂಚಿಗೆ ಹೆಬ್ಬೆರಳು ಗಾತ್ರದ ಒಂದು ಪ್ಲಾಸ್ಟಿಕ್ ಬಟ್ಟಲು ಸಿಕ್ಕಿಸಿದ್ದರು. ಮಳೆ ಬಂದರೆ ಅದರೊಳಗಿನ ಬಿಲ್ಲೆಗಳು ನೆನೆದು ಉಬ್ಬಿ, ವಾಲ್ವುಗಳಿಗೆ ಕರೆಂಟು ಹೋಗದಂತೆ ತಡೆಯುತ್ತವೆ. ಬಿಲ್ಲೆ ಒಣಗಿದ ಮೇಲೆ ಮತ್ತೆ ನೀರು. ಲಲಿತಮ್ಮ ಅದನ್ನು ಮಳೆಗಣ್ಣು ಎಂದು ಕರೆದಳು. ಆ ಹೆಸರು ಎಲ್ಲರ ಬಾಯಿಗೂ ಬಂತು.

ಆಯುಧಪೂಜೆ ಬಂತು. ನಮ್ಮ ಕಡೆ ಅವತ್ತು ಕಬ್ಬಿಣದ ಚೂರಿಗೂ ಮರ್ಯಾದೆ. ಟ್ರ್ಯಾಕ್ಟರು, ಹುಲ್ಲು ಕತ್ತರಿಸುವ ಮಿಷನ್ನು, ಬೋರಿನ ಮೋಟರು ಎಲ್ಲವನ್ನೂ ತೊಳೆದು ವಿಭೂತಿ ಕುಂಕುಮ ಇಟ್ಟು ಕುಂಬಳಕಾಯಿ ಒಡೆದರು. ಪೆಟ್ಟಿಗೆಗೆ ಹಾರ ಹಾಕಿದ ಲಲಿತಮ್ಮನಿಗೆ, ದುಡಿಯುವ ಕಣ್ಣಿಗೇ ಹೂವಿಲ್ಲವಲ್ಲ ಅನ್ನಿಸಿತು. ಏಣಿ ಇಟ್ಟು ಹತ್ತಿ, ಮಳೆಗಣ್ಣನ್ನು ಒರೆಸಿ, ಚೆಂಡುಹೂವಿನ ದಪ್ಪ ಹಾರವನ್ನು ಮೂರು ಸುತ್ತು ಸುತ್ತಿ ಕೈಮುಗಿದು ಇಳಿದಳು. ಆಯುಧಪೂಜೆಯ ಹಾರವನ್ನು ಯಾರೂ ಕೀಳುವುದಿಲ್ಲ. ಅದು ತಾನಾಗಿ ಒಣಗಿ ಉದುರಬೇಕು.

ಈ ಸಲ ಹಸ್ತ ಮಳೆ ಕೈಕೊಟ್ಟಿತ್ತು, ಚಿತ್ತೆಯ ಸುಳಿವೂ ಇರಲಿಲ್ಲ. ಬೆಳಗ್ಗೆ ಏಳಕ್ಕೆ ಲಲಿತಮ್ಮ ಬಂದಾಗ ಹುಲ್ಲು ಒದ್ದೆಯಾಗಿರುತ್ತಿತ್ತು. ಪೆಟ್ಟಿಗೆ ಕೆಲಸ ಮಾಡಿದೆ ಎಂದುಕೊಂಡಳು. ಅದು ಬರೀ ಇಬ್ಬನಿ ಎಂದು ತಿಳಿಯಲು ಒಂಬತ್ತು ದಿನ ಬೇಕಾಯಿತು. ಹತ್ತನೇ ದಿನ ಮಂಟಪದ ಮುಂದಿನ ಹುಲ್ಲು ಒಣಗಿದ ರಾಗಿಹುಲ್ಲಿನ ಬಣ್ಣಕ್ಕೆ ತಿರುಗಿತ್ತು. ಇನ್ನು ಹದಿನಾಲ್ಕು ದಿನಕ್ಕೆ ಅಲ್ಲೇ ಒಂದು ದೊಡ್ಡ ಮದುವೆ.

ಶರತ್ಚಂದ್ರ ಫೋನು ತೆಗೆದು ನೋಡಿದರು. ಹನ್ನೆರಡೂ ಭಾಗಕ್ಕೆ ದಿನಾ ನೀರು ಬಿಟ್ಟಿದೆ ಎಂದು ಅದರಲ್ಲಿತ್ತು. ಹಾಗಿದ್ದರೆ ತಪ್ಪು ಮನುಷ್ಯನದೇ. ಸಂಜೆ, ತೊಟ್ಟಿಯಿಂದ ಹುಲ್ಲಿಗೆ ನೀರು ಹೋಗುವ ದೊಡ್ಡ ವಾಲ್ವನ್ನು ತೆಗೆದಿಟ್ಟು ಹೋಗುವವನು ಜವರಯ್ಯ. ಅರವತ್ತು ದಾಟಿದ ಆಳು.

"ಏನಯ್ಯಾ ಜವರಯ್ಯ, ವಾಲ್ವು ತೆಗೀದೇ ಮನೆಗೆ ಓಡ್ತೀಯಾ?"

"ಇಲ್ಲ ಬುದ್ಧಿ, ದಿನಾ ತೆಗೆದೇ ಹೋಗಿದೀನಿ."

"ಫೋನು ಸುಳ್ಳು ಹೇಳುತ್ತಾ? ಸುಳ್ಳುಗಾರ. ನಾಳೆಯಿಂದ ಬರಬೇಡ ನೀನು."

ಅಡುಗೆಯವರು, ಕಾಟೇಜಿನವರು ಎಲ್ಲ ನಿಂತು ಕೇಳಿದರು. ಜವರಯ್ಯ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡು ಬಸ್ಸಿಗೆಂದು ಗೇಟಿನ ಕಡೆ ನಡೆದ. ಲಲಿತಮ್ಮ ಓಡಿ ಹೋಗಿ ಅಡ್ಡ ನಿಂತಳು.

"ಬಸ್ಸು ಹೋದ್ರೆ ಹೋಗ್ಲಿ ಜವರಣ್ಣ. ಬಾ ಇಲ್ಲಿ, ವಾಲ್ವು ತೆಗ್ದು ಅಲ್ಲೇ ನಿಂತ್ಕೋ."

"ಸುಮ್ನಿರವ್ವ, ನಿನ್ನ ಕೆಲ್ಸಕ್ಕೂ ಕಲ್ಲು ಬಿದ್ದಾತು."

"ಬೀಳ್ಲಿ. ನೀರು ಎಲ್ಲೋಯ್ತು ಅಂತ ನಂಗೆ ಗೊತ್ತಾಗ್ಬೇಕು."

ಅವನು ವಾಲ್ವಿನ ಪಕ್ಕ ನಿಂತ. ಅವಳು ಪೆಟ್ಟಿಗೆ ತೆರೆದು ಏಳನೇ ನಂಬರನ್ನು ಕೈಯಾರೆ ಚಾಲೂ ಮಾಡಿದಳು. ಪರದೆಯ ಮೇಲೆ ನಿಮಿಷಗಳು ಇಳಿಯತೊಡಗಿದವು. ಹುಲ್ಲಿನ ಮೇಲೆ ಒಂದು ಹನಿ ಇಲ್ಲ. ಪೆಟ್ಟಿಗೆ ಬಿಟ್ಟೆ ಎನ್ನುತ್ತಿದೆ, ದೊಡ್ಡ ವಾಲ್ವು ತೆರೆದೇ ಇದೆ. ನಡುವೆ ಏನೋ ತಡೆಯುತ್ತಿದೆ. ಪುಸ್ತಕ ತೆಗೆದು ಒಂದೊಂದೇ ಪುಟ ನೋಡಿದಳು. ಮಳೆಗಣ್ಣನ್ನು ಸಂಪರ್ಕದಿಂದ ಬಿಡಿಸುವ ಒಂದು ಸಣ್ಣ ಸ್ವಿಚ್ಚು ಪೆಟ್ಟಿಗೆಯ ಕೆಳಗಿತ್ತು. ಅದನ್ನು ಸರಿಸಿದಳು. ಮಂಟಪದ ಮುಂದೆ ಬುಸ್ಸೆಂದು ನೀರು ಚಿಮ್ಮಿತು.

ಚನ್ನೇಶನಿಗೆ ಫೋನು ಮಾಡಿದಳು.

"ಹೌದಕ್ಕ, ನಿಮ್ಮಲ್ಲಿ ವೈರಿಂಗೇ ಹಂಗಿದೆ. ಆ ಮಳೆ ಸೆನ್ಸರ್ ತಡೆದ್ರೂ ಪೆಟ್ಟಿಗೆಗೆ ಗೊತ್ತಾಗಲ್ಲ. ಬಿಟ್ಟೆ ಅಂತಾನೇ ಬರ್ಕೊಳುತ್ತೆ. ಮಳೆ ಏನಾದ್ರೂ ಬಂತಾ ಅಲ್ಲಿ?"

ಮಳೆ ಎಲ್ಲಿಯದು? ಅವಳು ಏಣಿ ಇಟ್ಟು ಹತ್ತಿದಳು. ಚೆಂಡುಹೂವು ಒಣಗಿ ಉದುರಿರಲಿಲ್ಲ. ಕೊಳೆತು ಮುದ್ದೆಯಾಗಿ, ದಿನದಿನದ ಇಬ್ಬನಿ ಕುಡಿದು, ಮಳೆಗಣ್ಣಿಗೆ ಒದ್ದೆ ಬಟ್ಟೆ ಸುತ್ತಿದಂತೆ ಕೂತಿತ್ತು. ಬೆರಳಿನಿಂದ ಒತ್ತಿದರೆ ಕಂದು ನೀರು ಇಳಿಯಿತು.

ಏಣಿಯ ಮೇಲಿಂದ ಅವಳಿಗೆ ಗೊಬ್ಬರದ ಗುಂಡಿ ಕಂಡಿತು. ಹಾರ ಕಿತ್ತು ಅದರೊಳಗೆ ಎಸೆದರೆ ಮುಗಿಯಿತು. ನಾಳೆಯಿಂದ ನೀರು ಬೀಳುತ್ತದೆ, ಹುಲ್ಲು ಚಿಗುರುತ್ತದೆ, ಜವರಯ್ಯ ಹೋದದ್ದರಿಂದ ಸರಿಯಾಯಿತೆಂದು ಮಾಲೀಕರು ಅಂದುಕೊಳ್ಳುತ್ತಾರೆ. ಬೀಗದ ಕೈ ಅವಳದೇ ಆಗುತ್ತದೆ. ಆ ಯೋಚನೆ ಬಂತೆಂದೇ ಅವಳಿಗೆ ತನ್ನ ಮೇಲೆ ಸಿಟ್ಟು ಬಂತು. ಹಾರವನ್ನು ಕಿತ್ತು, ಕೈಯಲ್ಲೇ ಹಿಡಿದು, ಇಳಿದು ಆಫೀಸಿಗೆ ನಡೆದಳು. ನೆಲದುದ್ದಕ್ಕೂ ತೊಟ್ಟಿಕ್ಕಿತು.

"ನೀರು ತಡೆದಿದ್ದು ಜವರಣ್ಣ ಅಲ್ಲ ಸಾರ್. ಈ ಹಾರ. ಮಳೆಗಣ್ಣಿಗೆ ಕಟ್ಟಿದ್ದು ನಾನು."

ಎಲ್ಲ ಹೇಳಿದಳು. ಶರತ್ಚಂದ್ರ ಮೇಜಿನ ಮೇಲಿನ ಕೊಳೆತ ಹೂವನ್ನೂ ಅವಳನ್ನೂ ನೋಡಿದರು.

"ಹೇಳದೇ ಇದ್ದಿದ್ರೆ ನಂಗೆ ಗೊತ್ತೇ ಆಗ್ತಿರಲಿಲ್ಲ."

"ಆಗ್ತಿರ್ಲಿಲ್ಲ ಸಾರ್."

ಅವರು ಕೈ ಚಾಚಿದರು. ಅವಳು ಪಿನ್ನು ಬಿಚ್ಚಿ ಬೀಗದ ಕೈ ಕೊಟ್ಟಳು. ಬಾಗಿಲಲ್ಲಿದ್ದ ಜವರಯ್ಯನಿಗೆ, "ಸರಿ, ನೀನು ನಾಳೆ ಬಾ" ಎಂದಷ್ಟೇ ಹೇಳಿ ಮಾಲೀಕರು ಫೋನೆತ್ತಿಕೊಂಡರು. ಹೊರಗೆ ಬಂದ ಲಲಿತಮ್ಮ ಜವರಯ್ಯನ ಎದುರು ತಪ್ಪಾಯಿತೆಂದು ಅತ್ತಳು. ಅವಳು ಅತ್ತದ್ದು ಅವತ್ತು ಅದೊಂದೇ ಸಲ.

ಮಾಲೀಕರು ಕರೆಸಿದ್ದರಿಂದ, ಮದುವೆಯವರೆಗೆ ಪೆಟ್ಟಿಗೆ ನೋಡಿಕೊಳ್ಳಲು ಮಾರನೆಯ ದಿನ ಚನ್ನೇಶ್ ಬಂದ. ಒಣಗಿದ್ದನ್ನು ತುಂಬಿಕೊಡಲು ಎಲ್ಲ ಭಾಗಕ್ಕೂ ಒಂದೇ ಉಸುರಿಗೆ ಅರ್ಧ ಗಂಟೆ ನೀರು ಇಟ್ಟ. ಗಟ್ಟಿಯಾದ ನೆಲ ಕುಡಿಯಲಿಲ್ಲ. ದಿಬ್ಬದ ನೀರೆಲ್ಲ ರಸ್ತೆಗೆ ಹರಿದು ಮಾಲೀಕರ ಕಾರಿನ ಚಕ್ರ ತೊಳೆಯಿತು. ರಬ್ಬರ್ ಪೈಪು ಎಳೆದುಕೊಂಡು ಹಲಸಿನಡಿಯ ಅಂಚಿಗೆ ನೀರು ಹಾಕುತ್ತಿದ್ದ ಲಲಿತಮ್ಮ ಅಲ್ಲಿಂದಲೇ ಕೂಗಿದಳು.

"ಹಸ್ದೋನಿಗೆ ಒಂದೇ ಸಲ ತುರುಕ್ಬಾರ್ದು ಕಣಪ್ಪಾ. ಐದು ನಿಮಿಷ ಬಿಡು, ನಿಲ್ಸು. ಹೀರ್ಕಂಡ ಮ್ಯಾಲೆ ಮತ್ತೆ ಐದು. ಹಂಗೆ ಆರು ಸಲ ಇಡು."

ಚನ್ನೇಶ್ ಮಾಲೀಕರ ಮುಖ ನೋಡಿದ. "ಅವರು ಹೇಳ್ದಂಗೆ ಮಾಡಿ" ಎಂದರು ಅವರು.

ಬೀಗದ ಕೈ ಇಲ್ಲದಿದ್ದರೂ ಅವಳ ಕೈಗೆ ಬಿಡುವಿರಲಿಲ್ಲ. ಯಂತ್ರದ ನೀರು ತಾಗದ ಮೂಲೆಗಳಿಗೆ ಪೈಪು ಹಿಡಿದಳು. ಕಡ್ಡಿ ಚುಚ್ಚಿ ಎಷ್ಟು ಆಳ ನೆನೆದಿದೆ ನೋಡಿ ಚನ್ನೇಶನಿಗೆ ಹೇಳಿ ಹೊತ್ತು ಬದಲಿಸಿದಳು. ಜವರಯ್ಯ ಒಂದು ದಿನವೂ ತಪ್ಪಿಸಲಿಲ್ಲ, ಯಾರೊಡನೆಯೂ ಮಾತಾಡಲೂ ಇಲ್ಲ. ಆರನೇ ದಿನ ಬುಡದಲ್ಲಿ ಹಸಿರು ಮೂಡಿತು. ಹನ್ನೊಂದನೇ ದಿನ ಮಂಟಪದ ಮುಂದೆ ಕಂದು ಬಣ್ಣ ಹುಡುಕಬೇಕಾಯಿತು.

ಮದುವೆಯ ಹಿಂದಿನ ದಿನ ಮಧ್ಯಾಹ್ನ ಶರತ್ಚಂದ್ರ ಅವಳನ್ನು ಕರೆಸಿದರು. ಬೀಗದ ಕೈ ಮೇಜಿನ ಮೇಲಿತ್ತು.

"ತಗೊಳ್ಳಿ. ಹಾಸನದೋರಿಗೆ ಬೇಡ ಅಂದಿದ್ದೀನಿ. ಕೆಲಸ ನಿಮ್ಮದೇ."

ಮೂರು ತಿಂಗಳು ಕಾದ ಮಾತು. ಅವಳಿಗೆ ಕೈ ಚಾಚಬೇಕು ಅನ್ನಿಸಿತು, ಚಾಚಲಿಲ್ಲ.

"ಜವರಣ್ಣನಿಗೆ ನೀವೇನೂ ಹೇಳ್ಲಿಲ್ಲ ಸಾರ್."

"ಅವತ್ತೇ ಬಾ ಅಂದೆನಲ್ಲ."

"ಬಾ ಅಂದ್ರಿ. ಅದಕ್ಕೆ ಮೊದ್ಲು ಎಲ್ಲಾರ್ ಮುಂದೆ ಸುಳ್ಳುಗಾರ ಅಂದಿದ್ರಿ. ನನ್ ತಪ್ಪು ನಾನು ಹೇಳ್ಕಂಡೆ. ನಿಮ್ ಮಾತು ನೀವೇ ಹೇಳ್ಬೇಕು. ಆಮೇಲೆ ತಗೋತೀನಿ."

ಹೇಳಿದ ಮೇಲೆ ಕೆಲಸ ಹೋಯಿತು ಅಂದುಕೊಂಡಳು. ಆದರೂ ತಲೆ ತಗ್ಗಿಸಲಿಲ್ಲ. ಶರತ್ಚಂದ್ರರ ಮುಖ ಕೆಂಪಾಯಿತು, ಆಮೇಲೆ ಇಳಿಯಿತು. ಬೀಗದ ಕೈಯನ್ನು ಮೇಜಿನ ಮೇಲೆ ಎರಡು ಸಲ ತಿರುಗಿಸಿ, ಎದ್ದು ಬಾಗಿಲಿಗೆ ಹೋದರು. ಹೊರಗೆ ಅಡುಗೆಯವರು ತರಕಾರಿ ಇಳಿಸುತ್ತಿದ್ದರು. ಜವರಯ್ಯ ತೊಟ್ಟಿಯ ಹತ್ತಿರ ಕಾಲು ತೊಳೆಯುತ್ತಿದ್ದ.

"ಜವರಯ್ಯನವರೇ," ಎಂದು ಶರತ್ಚಂದ್ರ ಎಲ್ಲರಿಗೂ ಕೇಳುವಂತೆ ಕೂಗಿದರು, "ನಿಮ್ಮ ಹತ್ರ ತಪ್ಪಾಯ್ತು ಅಂತ ಹೇಳಬೇಕಿತ್ತು. ಸ್ವಲ್ಪ ಬನ್ನಿ."

ಯಾರನ್ನು ಕರೆಯುತ್ತಿದ್ದಾರೆಂದು ಜವರಯ್ಯ ತನ್ನ ಹಿಂದೆ ತಿರುಗಿ ನೋಡಿದ.