ಹಗೇವಿನ ದಂಡೆಯ ಮೇಲೆ ಅಜ್ಜ

ಹೋದ ಬೇಸಿಗೆಯಲ್ಲಿ ನಮ್ಮೂರು ಶಲವಡಿಗೆ ಹೋದಾಗ ನಮ್ಮ ಹಳೆಯ ಮನೆಯ ಮುಂದೆ ಸಿಮೆಂಟ್ ರಸ್ತೆಯ ಕೆಲಸ ನಡೆದಿತ್ತು. ಜೆಸಿಬಿಯ ಹಲ್ಲು ನೆಲಕ್ಕಿಳಿದದ್ದೇ ತಡ, ಮಣ್ಣು ಕುಸಿದು ಹಗೇವಿನ ಬಾಯಿ ತೆರೆದುಕೊಂಡಿತು. ಮುಗ್ಗಿದ ಜೋಳ, ಕೊಳೆತ ಹುಲ್ಲು, ಎಷ್ಟೋ ವರ್ಷ ಬಿಸಿಲು ಕಾಣದ ಮಣ್ಣು ಎಲ್ಲ ಸೇರಿದ ಬೆಚ್ಚನೆಯ ವಾಸನೆ ಮೂಗಿಗೆ ಬಡಿಯಿತು. ಓಣಿಯ ಹುಡುಗರು ಬಗ್ಗಿ ನೋಡಲು ಓಡಿದರು. "ಹಿಂದ ಸರೀರ್ಲೇ!" ಎಂದು ಕಿರುಚಿದೆ. ನನ್ನ ಧ್ವನಿ ನನಗೇ ಗುರುತು ಸಿಗಲಿಲ್ಲ. ಹಗೇವು ಎಂದರೆ ನೆಲದೊಳಗೆ ಜೋಳ ಕೂಡಿಡುವ ಆಳವಾದ ಗುಂಡಿ. ಒಬ್ಬರು ಇಳಿಯುವಷ್ಟೇ ಬಾಯಿ, ಮೇಲೊಂದು ಹಾಸುಗಲ್ಲು. ನಿಮ್ಮ ಮನೆಯಲ್ಲೂ ಒಂದು ಇದ್ದಿದ್ದರೆ ಆ ವಾಸನೆಯ ಅಂಜಿಕೆ ನಿಮಗೂ ಗೊತ್ತಿರುತ್ತದೆ.

ನಮ್ಮಜ್ಜ ಮುಂಜಾನೆ ಎಡಗೈಯಲ್ಲಿ ಇಷ್ಟಲಿಂಗ ಹಿಡಿದು, ರೆಪ್ಪೆ ಬಡಿಯದೆ ನೋಡುತ್ತ ಕೂತನೆಂದರೆ ಅಡುಗೆಮನೆಯಲ್ಲಿ ಸೌಟಿನ ಸಪ್ಪಳವೂ ಆಗುವಂತಿರಲಿಲ್ಲ. ನಾನು ಯಾರೊಡನೆಯೋ ಜಗಳಾಡಿ ಅಳುತ್ತ ಬಂದರೆ ಪಕ್ಕದಲ್ಲಿ ಕೂಡಿಸಿಕೊಳ್ಳುತ್ತಿದ್ದ. "ಸಿಟ್ಟು ಬಂತಲ್ಲ, ಬರ್ಲಿ ಬಿಡು. ಬಂದದ್ದನ್ನ ನೋಡು. ನೀ ಸಿಟ್ಟಲ್ಲವ್ವ, ಸಿಟ್ಟು ನೋಡಾಕಿ." ಅಜ್ಜಿಯನ್ನು ನಾವು ಆಯಿ ಎನ್ನುತ್ತಿದ್ದೆವು. ಅವಳು ಒಳಗಿನಿಂದಲೇ ನಗುತ್ತಿದ್ದಳು: "ಹಾಲು ಉಕ್ಕಿ ಒಲಿ ಆರಿದ್ರೂ ನಿಮ್ಮಜ್ಜ ನೋಡ್ಕೋತ ಕುಂಡ್ರತಾನ, ಅವನ ಮಾತು ಏನ್ ಕೇಳ್ತಿ ಬೇ!"

ನಾನು ಸಣ್ಣವಳಿದ್ದಾಗ ಒಂದು ದಿನ ಮಠದಲ್ಲಿ ದಾಸೋಹ, ನಮ್ಮ ಮನೆಯ ಜೋಳ ಹೋಗಬೇಕಿತ್ತು. ಹಗೇವಿನ ಕಲ್ಲನ್ನು ಹಿಂದಿನ ದಿನವೇ ಸರಿಸಿ, ಒಳಗಿನ ಕೆಟ್ಟ ಗಾಳಿ ಹೋಗಲು ಬಿಟ್ಟು, ಆಮೇಲೆ ಕಂದೀಲು ಇಳಿಬಿಡುವುದು ರೂಢಿ. ಅದು ಆರದಿದ್ದರೆ ಮಾತ್ರ ಮನುಷ್ಯ ಇಳಿಯಬೇಕು. ಹಿಂದಿನ ದಿನ ಎಲ್ಲರೂ ಮರೆತಿದ್ದರು. ಕೇಳೋಣವೆಂದರೆ ಅಜ್ಜ ಪೂಜೆಯಲ್ಲಿ. ಲಿಂಗ ಹಿಡಿದು ಕೂತವನನ್ನು ನಮ್ಮಲ್ಲಿ ಯಾರೂ ಕರೆಯುವುದಿಲ್ಲ. ಅಪ್ಪನ ತಮ್ಮ ಈರಣ್ಣ ಕಾಕಾ ಮೊದಲೇ ಆತುರಗಾರ. "ಒಂದ್ ಚೀಲ ತುಂಬೂದು, ಎಷ್ಟೊತ್ತಿನ ಮಾತು" ಎಂದು ಕಲ್ಲು ಸರಿಸಿ ಇಳಿದೇಬಿಟ್ಟ. ಸ್ವಲ್ಪ ಹೊತ್ತಿಗೆ ಮೇಲಿನಿಂದ ಅಪ್ಪ ಕೂಗಿದ. ಒಳಗಿನಿಂದ ಉತ್ತರ ಬರಲಿಲ್ಲ.

ಅಪ್ಪ ಧೋತರ ಮೇಲೆ ಕಟ್ಟಿ ಕಾಲು ಇಳಿಬಿಡುವಷ್ಟರಲ್ಲಿ, ಗದ್ದಲ ಕೇಳಿ ಪೂಜೆಯಿಂದ ಎದ್ದು ಬಂದ ಅಜ್ಜ ಅವನ ಮುಂಗೈ ಹಿಡಿದ.

"ಬಿಡಪ್ಪಾ, ತಮ್ಮ ಒಳಗ ಬಿದ್ದಾನ!"

"ನೀನೂ ಬೀಳ್ತಿ. ಕಂದೀಲು ತರ್ರಿ ಯಾರರ. ಕಂಬಳಿ ತರ್ರಿ."

ಹಗ್ಗಕ್ಕೆ ಕಟ್ಟಿದ ಕಂದೀಲು ಬಾಯಿ ದಾಟಿದ ಕೂಡಲೇ ಆರಿತು. ಗಂಡಸರು ಕಂಬಳಿಯನ್ನು ಒಳಗಿಳಿಸಿ ಎತ್ತಿ, ಎತ್ತಿ ಇಳಿಸಿ, ಹೊರಗಿನ ಗಾಳಿಯನ್ನು ತಳಕ್ಕೆ ಆಡಿಸತೊಡಗಿದರು. ಅಜ್ಜ ದಂಡೆಯ ಮೇಲೆ ಕೂತ. ಅಪ್ಪನ ಮುಂಗೈ ಬಿಡಲಿಲ್ಲ, ಆ ಕತ್ತಲಿನಿಂದ ಕಣ್ಣು ಕೀಳಲಿಲ್ಲ. "ಅಂಜಿಕಿ ಬಂದೈತಿ," ಎಂದು ತನಗೆ ತಾನೇ ಹೇಳಿಕೊಳ್ಳುತ್ತಿದ್ದ, "ಬರ್ಲಿ. ನೋಡಾಕತ್ತೇನಿ." ಆಯಿ ಎದೆ ಬಡಿದುಕೊಂಡಳು: "ಎಂಥಾ ಎದಿರೀ ನಿಮ್ದು! ಮಗಾ ಒಳಗ ಸಾಯಾಕತ್ತಾನ, ನೋಡ್ಕೋತ ಕುಂತೀರೇನ್ರಿ?" ಅಜ್ಜ ಅವಳತ್ತ ತಿರುಗಲಿಲ್ಲ. ಸುಳ್ಳೇಕೆ ಹೇಳಲಿ, ಆ ಗಳಿಗೆಯಲ್ಲಿ ಅವನನ್ನು ನಾನು ದ್ವೇಷಿಸಿದೆ. ಕಂದೀಲು ಮತ್ತೆ ಆರಿತು, ಮತ್ತೆ ಹಚ್ಚಿದರು. ಕೊನೆಗೊಮ್ಮೆ ತಳದಲ್ಲಿ ಬೆಳಕು ನಿಂತಿತು. ಆಗ ಅಜ್ಜ ತಾನೇ ಅಪ್ಪನ ನಡುವಿಗೆ ಹಗ್ಗ ಬಿಗಿದು, "ಈಗ ಇಳಿ" ಎಂದ.

ಕಾಕಾನನ್ನು ಮೇಲೆ ತಂದಾಗ ಮೈ ಇನ್ನೂ ಬಿಸಿಯಿತ್ತು, ಉಸಿರಿರಲಿಲ್ಲ. ಕೂದಲಿನಲ್ಲಿ ಜೋಳದ ಕಾಳು ಸಿಕ್ಕಿದ್ದವು. ಅಪ್ಪ ಮೊದಲೇ ಇಳಿದಿದ್ದರೆ ಕಾಕಾ ಉಳಿಯುತ್ತಿದ್ದನೋ, ಅಪ್ಪನೂ ಅವನ ಬದಿಗೆ ಬೀಳುತ್ತಿದ್ದನೋ? ಅಜ್ಜ, ಆಯಿ, ಅಪ್ಪ ಎಲ್ಲರೂ ಮಣ್ಣಾದ ಮೇಲೂ ನನಗೆ ಉತ್ತರ ಸಿಕ್ಕಿಲ್ಲ. ಅಪ್ಪ ಮೇಲೆ ಬಂದ ಕೂಡಲೇ ಅಜ್ಜ ಮತ್ತೆ ಅದೇ ಮುಂಗೈ ಹಿಡಿದಿದ್ದ. ಕಾಕಾನನ್ನು ಗೋಡೆಗೆ ಆನಿಸಿ ಕೂಡಿಸಿ ವಿಭೂತಿ ಹಚ್ಚುವಾಗಲೂ ಬಿಡಲಿಲ್ಲ. ಹೊಲದಲ್ಲಿ ಮಗನಿಗೆ ಎಡಗೈಯಿಂದಲೇ ಮಣ್ಣು ಕೊಟ್ಟ. ಮನೆಗೆ ಬಂದು ಪಡಸಾಲೆಯಲ್ಲಿ ಕೂತಾಗ ಅಪ್ಪನ ಬೆರಳು ನೀಲಿಗಟ್ಟಿದ್ದವು. ಅಪ್ಪ "ಬಿಡಪ್ಪಾ" ಎಂದರೂ ಅಜ್ಜ ಕೇಳಿಸದವನಂತೆ ಗೋಡೆ ನೋಡುತ್ತಿದ್ದ. ಮುಂಜಾನೆಯಿಂದ ಅವನ ಮುಖ ನೋಡದೆ ಮೂಲೆ ಹಿಡಿದಿದ್ದ ಆಯಿ ಆಗ ಎದ್ದು ಬಂದಳು. ಎದುರಿಗೆ ಕೂತು, ಅವನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಸಾಕ್ರಿ, ಬಿಡ್ರಿ ಇನ್ನ. ಇಂವ ಅದಾನ್ರಿ. ಇಂವ ಇಲ್ಲೇ ಅದಾನ."

ಕೊನೆಯ ಬೆರಳು ಸಡಿಲಿದ ಮೇಲೆ ಅಜ್ಜ ಅಳತೊಡಗಿದ. ಆಯಿ ಆ ಖಾಲಿ ಕೈಯನ್ನು ತನ್ನ ಮಡಿಲಲ್ಲಿ ಇಟ್ಟುಕೊಂಡಳು, ದೀಪ ಹಚ್ಚುವ ಹೊತ್ತಾದರೂ ಬಿಡಲಿಲ್ಲ.