ಮುಂಡರಗಿ ಎಂಬ ಪ್ರೀಸೆಟ್

ನನ್ನ ಲ್ಯಾಪ್‌ಟಾಪಿನಲ್ಲಿ ಮುಂಡರಗಿ ಎಂಬ ಹೆಸರಿನ ಒಂದು ಗಿಟಾರ್ ಧ್ವನಿ ಇದೆ. ಹೆಸರು ಸುಳ್ಳು. ಇಟ್ಟವನು ನಾನೇ, ಸುಳ್ಳೆಂದು ಗೊತ್ತಿದ್ದೇ ಇಟ್ಟೆ. ಅದು ಹೇಗಾಯಿತೆಂದು ಈಗ ಬರೆಯುತ್ತಿದ್ದೇನೆ. ಆದರೆ ನೆನಪು ಎಂಬುದು ಮನೆಗೆ ನೆಂಟರು ಬರುವ ಮುಂಚೆ ಹಾಸಿಗೆ ಮಡಿಸಿಡುವವರ ಹಾಗೆ. ಯಾವ ಭಾಗ ತೀರಾ ಒಪ್ಪವಾಗಿ ಕಾಣುತ್ತದೆಯೋ ಅಲ್ಲಿ ನಾನು ಏನನ್ನೋ ಮಂಚದ ಕೆಳಗೆ ತಳ್ಳಿದ್ದೇನೆ ಎಂದು ತಿಳಿಯಬೇಕು.

ನಾನು ಗಿಟಾರನ್ನು ಲ್ಯಾಪ್‌ಟಾಪಿಗೆ ಜೋಡಿಸಿ ನುಡಿಸುತ್ತೇನೆ. ಅದರೊಳಗಿನ ಒಂದು ಸಾಫ್ಟ್‌ವೇರ್ ಆಳೆತ್ತರದ ಆಂಪ್ಲಿಫೈಯರುಗಳ ಹಾಗೆ ನಟಿಸುತ್ತದೆ. ಗುಂಡಿಗಳನ್ನು ಎಷ್ಟೆಷ್ಟು ತಿರುಗಿಸಬೇಕೆಂಬ ತಲೆನೋವು ನಮಗೆ ಬೇಡವೆಂದು ದೂರದೇಶದ ಹೆಸರಾಂತ ಗಿಟಾರ್‌ವಾದಕರು ತಮ್ಮ ರುಚಿಗೆ ತಿರುಗಿಸಿ, ಹಾಗೇ ಉಳಿಸಿ, ಒಂದೊಂದಕ್ಕೂ ಹೆಸರಿಟ್ಟು ಕೊಟ್ಟಿದ್ದಾರೆ. ಇವೇ ಪ್ರೀಸೆಟ್‌ಗಳು. ಒಂದು ಸಲ ಒತ್ತಿದರೆ ಅವರ ಧ್ವನಿ ನಮ್ಮದು ಎಂಬುದು ಮಾರುವವರ ಮಾತು. ನನಗೆ ಮುನ್ನೂರು ಚಿಲ್ಲರೆ ಬಂದವು. ಹಿಮದ ಮೇಲಿನ ಜೇನು, ಗಾಜಿನ ತಿಮಿಂಗಿಲ, ಅಪ್ಪನ ಕೊನೆಯ ಕಾರು, ಹೀಗೆ ಹೆಸರುಗಳು. ಅಪ್ಪನ ಕೊನೆಯ ಕಾರನ್ನು ಒತ್ತಿದರೆ ಹಿಟ್ಟಿನ ಗಿರಣಿಯ ಬೆಲ್ಟ್ ಜಾರಿದ ಸದ್ದು ಬರುತ್ತಿತ್ತು.

ನಮ್ಮ ಮೇಳದಲ್ಲಿ ಮೂರೇ ಜನ. ಹಾಡುವವರು ಬೆಟಗೇರಿಯಲ್ಲಿ ಸೀರೆ ಅಂಗಡಿ ಇರುವ ಮನೆಯ ಹಿರಿಯ ಹೆಣ್ಣುಮಗಳು. ಅರವತ್ತು ದಾಟಿದ ಅವರನ್ನು ನಾವೆಲ್ಲ ಅಕ್ಕಾರು ಎನ್ನುತ್ತೇವೆ. ಪೇಟಿ, ಅಂದರೆ ಹಾರ್ಮೋನಿಯಂ ನುಡಿಸುವವರು ಮಲ್ಲಸಮುದ್ರದ ಮಾಸ್ತರರು. ಇಬ್ಬರೂ ಕೂಡಿ ನಾನು ಹುಟ್ಟುವ ಮೊದಲಿನಿಂದ ಹಾಡುತ್ತಿದ್ದಾರೆ. ಮೂರನೆಯವನು ನಾನು. ಸೀಮಂತ, ಗೃಹಪ್ರವೇಶ, ಬೀಳ್ಕೊಡುಗೆಗಳಲ್ಲಿ ಪದ ಹಾಡುವ ಮೇಳಕ್ಕೆ ಗಿಟಾರ್ ಯಾಕೆ ಬೇಕೆಂದು ಶಿರಹಟ್ಟಿಯಲ್ಲಿ ಒಬ್ಬ ಹಿರಿಯರು ಕೇಳಿದ್ದರು. ಮಾಸ್ತರರು ಅವರಿಗೆ, ‘ಇರ್ಲಿ ಬಿಡ್ರಿ, ಹುಡುಗ ಮನ್ಯಾಗ ಕುಂತ್ರ ಬರಕೋಂತ ಕುಂದರತಾನ’ ಎಂದು ಸಮಾಧಾನ ಹೇಳಿದರು. ಆಗ ನನಗೆ ನಲವತ್ತೆರಡು.

ಬೇರೆಯವರು ಇಟ್ಟ ಹೆಸರುಗಳನ್ನು ನಂಬುವವನು ನಾನಲ್ಲ. ಪ್ರೀಸೆಟ್‌ಗಳನ್ನು ಮೊದಲು ಊರುಗಳ ಪ್ರಕಾರ ವಿಂಗಡಿಸಿದೆ. ಎಲ್ಲಿ ಯಾವುದು ಕಿವಿಗೆ ಹಿತವಾಯಿತೋ ಆ ಊರಿನ ಹೆಸರು. ಗಾಜಿನ ತಿಮಿಂಗಿಲ ‘ಮುಳಗುಂದ, ಗೃಹಪ್ರವೇಶ’ ಆಯಿತು. ಇನ್ನೊಂದು ‘ಲಕ್ಷ್ಮೇಶ್ವರ, ಜನರೇಟರ್ ಸಹಿತ’. ಆಮೇಲೆ ಇದು ಬರೀ ಭಾವುಕತೆ ಎನಿಸಿ ವೈಜ್ಞಾನಿಕವಾಗಲು ಹೊರಟೆ. ನಮ್ಮ ಕಡೆ ಹಾಡುವವರ ನಡುವೆ ಯಾವ ಹಾಡು ಎಂಬ ಪ್ರಶ್ನೆಗಿಂತ ಮೊದಲು ಬರುವುದು ಯಾವ ಪಟ್ಟಿ ಎಂಬ ಪ್ರಶ್ನೆ. ಪೇಟಿಯಲ್ಲಿ ಬೆರಳಿನಿಂದ ಒತ್ತುವ ಯಾವ ಮನೆಯನ್ನು ಷಡ್ಜ ಮಾಡಿಕೊಂಡು ಹಾಡುತ್ತಾರೆ, ಕಪ್ಪು ಎರಡೋ, ಬಿಳಿ ಐದೋ, ಎಂಬುದು ಅವರ ಪಟ್ಟಿ. ಅಕ್ಕಾರದು ಹುಡುಗಿಯಾಗಿದ್ದಾಗಿನಿಂದ ಕಪ್ಪು ನಾಲ್ಕು. ಅದನ್ನು ಅವರು ತವರುಮನೆಯ ಹೆಸರಿನಷ್ಟೇ ಹೆಮ್ಮೆಯಿಂದ ಹೇಳುತ್ತಾರೆ. ನಾನು ಮುನ್ನೂರು ಪ್ರೀಸೆಟ್‌ಗಳನ್ನೂ ಪಟ್ಟಿಗಳ ಪ್ರಕಾರ ಹಂಚಿದೆ. ಗಿಟಾರಿನ ಧ್ವನಿಯ ಬಣ್ಣಕ್ಕೂ ಹಾಡುವವರ ಶ್ರುತಿಗೂ ಏನೇನೂ ಸಂಬಂಧವಿಲ್ಲ. ಆದರೂ ಹಿಮದ ಮೇಲೆ ಜೇನು ಸುರಿದ ಆ ಕಲಾವಿದ ಕಪ್ಪು ನಾಲ್ಕರ ಕಡತದಲ್ಲಿ ಹೋಗಿ ಕುಳಿತ.

ಈ ವರ್ಗಾವರ್ಗಿಯ ನಡುವೆ ಮುಂಡರಗಿಯಲ್ಲಿ ಒಬ್ಬ ಶಿಕ್ಷಕರ ಬೀಳ್ಕೊಡುಗೆ ಬಂತು. ಮಧ್ಯಾಹ್ನದ ಹೊತ್ತು, ತಗಡಿನ ಚಾವಣಿಯ ಸಭಾಭವನ, ಊಟಕ್ಕೆ ಕಾದು ಕುಳಿತ ಜನ. ಅಲ್ಲಿ ಅಕ್ಕಾರು ಹಾಡಿದ ರೀತಿ ಬೇರೆಯೇ ಇತ್ತು. ಅದಕ್ಕೂ ಹಿಂದಿನ ಕೆಲವು ಕಾರ್ಯಕ್ರಮಗಳಲ್ಲಿ ಮೇಲಿನ ಸ್ವರಕ್ಕೆ ಹೋದಾಗ ಅವರ ದನಿ ಅಂಚು ಸವೆದ ಸೆರಗಿನಂತೆ ಎಳೆಬಿಡುತ್ತಿತ್ತು. ಅಂದು ಬಿಡಲಿಲ್ಲ. ವಾಪಸ್ ಬರುವಾಗ ಬಸ್ಸಿನಲ್ಲಿ ಮಾಸ್ತರರು ಪೇಟಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕಿಟಕಿ ನೋಡುತ್ತಿದ್ದರು. ಅಕ್ಕಾರು ನನ್ನ ಕಡೆ ಬಾಗಿ ಹೇಳಿದರು:

‘ತಮ್ಮಾ, ಇವತ್ತ ಹಚ್ಚಿದ್ದಿಯಲ್ಲ ಆ ಸೌಂಡ್, ಅದನ್ನ ಎಲ್ಲೂ ಕಳೀಬ್ಯಾಡ. ನನ್ನ ದನಿಗೆ ಅದ ಬರೋಬ್ಬರಿ ಆಗೈತಿ.’

ಮಾಸ್ತರರು ಕಿಟಕಿಯಿಂದ ಮುಖ ತಿರುಗಿಸಲಿಲ್ಲ. ನಾನು ಹಿಗ್ಗಿದೆ. ನನ್ನ ಪಾಂಡಿತ್ಯ ಕೊನೆಗೂ ಒಬ್ಬರ ಉಪಯೋಗಕ್ಕೆ ಬಂದಿತ್ತು.

ಆಮೇಲೆ ನಾಲ್ಕೈದು ತಿಂಗಳು ಮೇಳ ಸೇರಲಿಲ್ಲ. ಅಕ್ಕಾರ ಗಂಟಲು ಕಟ್ಟಿದ್ದು ಬಿಡಲೇ ಇಲ್ಲ. ಹುಬ್ಬಳ್ಳಿಯ ಡಾಕ್ಟರರು ಗಂಟಲೊಳಗೆ ಸಣ್ಣ ಗಂಟು ಇದೆ, ಜೀವಕ್ಕೆ ಅಪಾಯವಿಲ್ಲ, ಆದರೆ ಆಪರೇಷನ್ ಮಾಡಲೇಬೇಕು, ಆಮೇಲೆ ಮಾತಿಗೆ ತೊಂದರೆಯಾಗದು, ಹಾಡಿನ ಬಗ್ಗೆ ಮಾತ್ರ ಭರವಸೆ ಕೊಡಲಾರೆ ಎಂದರಂತೆ. ಇದನ್ನು ನನಗೆ ಹೇಳಿದವರು ಮಾಸ್ತರರು. ಅಕ್ಕಾರು ನನಗೆ ಹೇಳಿಕಳಿಸಿದ್ದು ಇಷ್ಟೇ: ಅವರ ತಾಯಿ ಕಲಿಸಿದ ಒಂದು ತೊಟ್ಟಿಲ ಪದ ಇದೆ, ಅದು ಬೇರೆ ಯಾರಿಗೂ ಬರುವುದಿಲ್ಲ, ಹುಬ್ಬಳ್ಳಿಗೆ ಹೋಗುವ ಮುಂಚೆ ಅದನ್ನು ರೆಕಾರ್ಡ್ ಮಾಡಬೇಕು, ಮುಂಡರಗಿಯ ಸೌಂಡ್ ಇರಬೇಕು. ಹೋಗಲು ಆರು ದಿನ ಉಳಿದಿತ್ತು.

ಗದಗಿನಲ್ಲಿ ನನ್ನ ಮನೆಯ ಮೇಲಿನ ಕೋಣೆಯಲ್ಲಿ ರೆಕಾರ್ಡಿಂಗ್. ಮಾಸ್ತರರು ಮೊದಲು ಬಂದು ಪೇಟಿ ಬಿಚ್ಚಿದರು. ಅಕ್ಕಾರು ಕೆಳಗೆ ನನ್ನ ಹೆಂಡತಿಯ ಹತ್ತಿರ ಬಿಸಿನೀರು ಕುಡಿಯುತ್ತಿದ್ದರು. ಕಾರ್ಯಕ್ರಮಗಳಲ್ಲಿ ನಾನು ಪೇಟಿಯನ್ನೇ ಕೇಳಿ ತಂತಿ ಬಿಗಿಯುತ್ತಿದ್ದೆ. ಅಂದು ಎಲ್ಲ ಕರಾರುವಾಕ್ಕಾಗಿರಲೆಂದು ಪರದೆಯ ಮೇಲೆ ಶ್ರುತಿ ತೋರಿಸುವ ಮುಳ್ಳನ್ನು ತೆರೆದಿಟ್ಟೆ. ಮಾಸ್ತರರು ಕಪ್ಪು ನಾಲ್ಕನ್ನು ಒತ್ತಿದರು. ಮುಳ್ಳು ಬಿಳಿ ಐದು ಎಂದಿತು. ಮಾಸ್ತರ, ಪೇಟಿ ಒಂದು ಮನೆ ಕೆಳಗಿದೆ, ಸರಿಮಾಡಿಕೊಳ್ಳಿ ಎಂದೆ. ಅವರು ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು. ಮೆಟ್ಟಿಲ ಮೇಲೆ ಅಕ್ಕಾರ ಹೆಜ್ಜೆ ಕೇಳಿಸಿತು. ಮಾಸ್ತರರು ಪೇಟಿಯನ್ನು ಸರಿಮಾಡಿಕೊಂಡರು. ಮುಳ್ಳು ಒಪ್ಪಿತು. ನನಗೂ ತೃಪ್ತಿಯಾಯಿತು.

ಸಿಗದಿದ್ದದ್ದು ಮುಂಡರಗಿ. ಊರಿನ ಪ್ರಕಾರ ಇದ್ದದ್ದನ್ನು ಪಟ್ಟಿಯ ಪ್ರಕಾರ ಬದಲಿಸುವಾಗ ಆ ಹೆಸರು ಅಳಿಸಿಹೋಗಿತ್ತು. ಅದು ಹಿಮದ ಮೇಲಿನ ಜೇನು ಎಂದು ನನ್ನ ನೆನಪು ಆಣೆ ಮಾಡುತ್ತಿತ್ತು. ಹಚ್ಚಿದೆ. ಅಕ್ಕಾರು ಎರಡು ಸಾಲು ಹಾಡಿ, ಮೂರನೆಯ ಸಾಲಿನಲ್ಲಿ ಮೇಲಕ್ಕೇರುವಾಗ ದನಿ ಒಡೆದು, ನಿಲ್ಲಿಸಿದರು. ‘ಇದಲ್ಲ ತಮ್ಮಾ.’ ಇನ್ನೊಂದು ಹಚ್ಚಿದೆ. ಇದಲ್ಲ. ಕಪ್ಪು ನಾಲ್ಕರ ಕಡತ ಮುಗಿದು ಬಿಳಿ ಎರಡಕ್ಕೆ ಬಂದೆ. ಪ್ರತಿ ಸಲವೂ ಅದೇ ಜಾಗದಲ್ಲಿ ದನಿ ಒಡೆಯಿತು, ಪ್ರತಿ ಸಲವೂ ಅಪರಾಧಿ ನನ್ನ ಸೌಂಡ್. ನಡುವೆ ಅವರು ಮಾಸ್ತರರ ಕಡೆ ನೋಡುತ್ತಿದ್ದರು. ಮಾಸ್ತರರು ನನ್ನ ಕಡೆ ನೋಡುತ್ತಿದ್ದರು. ನಾನು ಪರದೆಯ ಕಡೆ ನೋಡುತ್ತಿದ್ದೆ. ಸುಮಾರು ಇಪ್ಪತ್ತು ಸಲ ಆದಮೇಲೆ ಅಕ್ಕಾರು ಸೆರಗು ಹೊದ್ದು ಎದ್ದರು. ಸಿಕ್ಕರೆ ಹೇಳು, ಸಿಗದಿದ್ದರೆ ಹಾಡು ಇಲ್ಲ, ಎಂದರು. ಸಿಟ್ಟಿರಲಿಲ್ಲ. ಅದೇ ಹೆಚ್ಚು ಕಷ್ಟವಾಯಿತು.

ಮುಂದಿನ ಮೂರು ದಿನ ನಾನು ಮುನ್ನೂರನ್ನೂ ಕೇಳಿದೆ. ಆ ಶಿಕ್ಷಕರ ಮಗಳಿಗೆ ಫೋನ್ ಮಾಡಿ, ಬೀಳ್ಕೊಡುಗೆಯ ದಿನ ಅವಳು ಮೊಬೈಲಿನಲ್ಲಿ ಹಿಡಿದ ವಿಡಿಯೊ ತರಿಸಿಕೊಂಡೆ. ಅದರಲ್ಲಿ ಅಕ್ಕಾರ ದನಿ ಇತ್ತು, ಪೇಟಿ ಇತ್ತು, ಬುಂದೆಗೆ ಹಟ ಮಾಡುವ ಒಂದು ಮಗು ಇತ್ತು. ಗಿಟಾರ್ ಹುಡುಕಿದರೂ ಇರಲಿಲ್ಲ. ಒಂದು ಇಡೀ ವರ್ಷ ನಾನು ಹೆಮ್ಮೆಪಟ್ಟ ಧ್ವನಿಗೆ ಸಾಕ್ಷಿ ನಾನೊಬ್ಬನೇ, ನನ್ನ ಸಾಕ್ಷ್ಯವೋ ಗೊತ್ತೇ ಇದೆ. ವರ್ಷ ಎಂದೆನೆ? ಐದು ತಿಂಗಳು. ನೋಡಿ, ಆಗಲೇ ಮಡಿಸುತ್ತಿದ್ದೇನೆ.

ಬೇಸರಕ್ಕೆ ಆ ವಿಡಿಯೊದ ಜೊತೆಗೆ ನುಡಿಸಲು ಕುಳಿತೆ. ಹೊಂದಲಿಲ್ಲ. ಒಂದು ಮನೆ ಕೆಳಗೆ ಹಿಡಿದೆ, ಹೊಂದಿತು. ವಿಡಿಯೊದಲ್ಲಿ ಮಾಸ್ತರರ ಬೆರಳು ಸ್ಪಷ್ಟವಾಗಿ ಕಪ್ಪು ನಾಲ್ಕರ ಮೇಲಿತ್ತು, ಬರುತ್ತಿದ್ದ ಸ್ವರ ಮಾತ್ರ ಬಿಳಿ ಐದರದು.

ಅಂದೇ ಮಧ್ಯಾಹ್ನ ಮಲ್ಲಸಮುದ್ರಕ್ಕೆ ಹೋದೆ. ಮಾಸ್ತರರು ಕಟ್ಟೆಯ ಮೇಲೆ ಕುಳಿತು ಪೇಟಿಯ ಧೂಳು ಒರೆಸುತ್ತಿದ್ದರು. ನಾನು ಬಾಯಿ ತೆರೆಯುವ ಮುಂಚೆಯೇ ನಕ್ಕರು. ಅವರದು ಮನೆಗಳ ಇಡೀ ಹಲಗೆಯನ್ನೇ ಎಡಕ್ಕೂ ಬಲಕ್ಕೂ ಸರಿಸಬಹುದಾದ ಪೇಟಿ. ಎಡಕ್ಕೆ ಒಂದು ಗೇಣು ಸರಿಸಿದರೆ, ಬೆರಳು ಇದ್ದಲ್ಲೇ ಇರುತ್ತದೆ, ಸ್ವರ ಇಳಿಯುತ್ತದೆ ಎಂದು ತೋರಿಸಿದರು. ಗೇಣು ಅಲ್ಲ, ಅರ್ಧ ಬೆರಳಿನಷ್ಟು. ಮುಂಡರಗಿಯ ಬಸ್ಸು ಹತ್ತುವ ಮುಂಚೆ ಅವರು ಅದನ್ನು ಸರಿಸಿದ್ದರು.

‘ಹಾಡೋರ ಪಟ್ಟಿ ಇಳದೈತಿ ಅಂತ ಯಾರೂ ಬಾಯಿಬಿಟ್ಟು ಹೇಳಂಗಿಲ್ಲಲೇ,’ ಎಂದರು. ‘ನಮ್ಮ ಗುರುಗಳಿಗೆ ನಾವು ಹೇಳಲಿಲ್ಲ. ಪೇಟಿಯವ ಸುಮ್ಮನ ಸರಸಬೇಕು. ಅಕ್ಕಾರು ನನ್ನ ಬೆರಳ ನೋಡತಾರ, ಬೆರಳ ಕಪ್ಪು ನಾಕರಾಗ ಐತಿ, ಮುಗೀತು. ನೀ ಮುಳ್ಳ ತೋರಿಸಿ ಸರಿಮಾಡ್ರಿ ಅಂದಿ. ಅಕ್ಕಾರು ಮೆಟ್ಟಲದಾಗ ಇದ್ರು. ನಾ ಏನ ಮಾಡಲಿ?’

ಹಾಗಾದರೆ ಹಿಮ, ಜೇನು, ತಿಮಿಂಗಿಲ ಯಾವುದಕ್ಕೂ ಇದರಲ್ಲಿ ಪಾತ್ರವಿರಲಿಲ್ಲ. ನಾವಿಬ್ಬರೂ ಒಂದು ಒಪ್ಪಂದಕ್ಕೆ ಬಂದೆವು. ಅವರು ಹಲಗೆ ಸರಿಸುವುದು, ನಾನು ಮುಳ್ಳನ್ನು ಮುಚ್ಚಿಟ್ಟು ಕಿವಿಯಿಂದ ತಂತಿ ಬಿಗಿಯುವುದು. ಸೌಂಡ್ ಸಿಕ್ಕಿತು ಎಂದು ಅಕ್ಕಾರ ಅಂಗಡಿಗೆ ಹೇಳಿಕಳಿಸಿದೆ. ಪರದೆ ನೋಡಿದರೆ ಅವರಿಗೆ ಕಾಣಲೆಂದು, ಕಡತದಲ್ಲಿ ಎಲ್ಲಕ್ಕಿಂತ ಮೇಲಿದ್ದ ಯಾವುದೋ ಪ್ರೀಸೆಟ್‌ಗೆ ಕನ್ನಡದಲ್ಲಿ ಮುಂಡರಗಿ ಎಂದು ಹೆಸರಿಟ್ಟೆ. ಅದನ್ನು ಮಾಡಿದ ಕಲಾವಿದ ಕ್ಷಮಿಸಲಿ.

ಹುಬ್ಬಳ್ಳಿಗೆ ಹೋಗುವ ಹಿಂದಿನ ದಿನ ಅಕ್ಕಾರು ಬಂದರು. ಪರದೆಯ ಮೇಲಿನ ಹೆಸರನ್ನು ಓದಿದರು, ತಲೆಯಾಡಿಸಿದರು. ಹಾಡು ಶುರುವಾಯಿತು. ಮೂರನೆಯ ಸಾಲು ಬಂತು. ದನಿ ಏರಿತು, ನಡುಗಿತು, ಒಡೆಯಲಿಲ್ಲ, ಆದರೆ ಒಡೆಯುವ ಅಂಚಿನಲ್ಲಿತ್ತು. ಐದು ತಿಂಗಳಲ್ಲಿ ಗಂಟು ಬೆಳೆದಿರಬೇಕು. ಅವರು ಕೈ ಎತ್ತಿ ನಿಲ್ಲಿಸಿದರು. ನಾನು ಅಭ್ಯಾಸಬಲದಿಂದ ಲ್ಯಾಪ್‌ಟಾಪಿಗೆ ಕೈ ಹಾಕಿದೆ.

‘ನೀ ಕುಂದ್ರು ತಮ್ಮಾ,’ ಎಂದರು ಅಕ್ಕಾರು. ಮಾಸ್ತರರ ಕಡೆ ತಿರುಗಿದರು. ‘ಮಾಸ್ತರ, ಇನ್ನೊಂದ ಮನಿ ಸರಸ್ರಿ. ನಲವತ್ತ ವರ್ಷ ಅಂಗಡ್ಯಾಗ ಸೀರಿ ಅಳದಾಕಿ ನಾನು. ಬಟ್ಟಿ ಒಂದ ಗೇಣ ಕಡಿಮಿ ಆದ್ರ ನನಗ ತಿಳಿಯಂಗಿಲ್ಲೇನು?’

ಮಾಸ್ತರರು ತಲೆ ತಗ್ಗಿಸಿ ಹಲಗೆಯನ್ನು ಸರಿಸಿದರು. ಟಕ್ ಎಂಬ ಸದ್ದು. ಮುಂಡರಗಿಯಲ್ಲೇ ಅಕ್ಕಾರಿಗೆ ಗೊತ್ತಾಗಿತ್ತು. ಪಟ್ಟಿ ಇಳಿಸಿ ಎಂದು ಕೇಳಲು ಬಾಯಿ ಬರದೆ, ಆ ಸೌಂಡ್ ಹಚ್ಚು ಎಂದಿದ್ದರು. ಮಾಸ್ತರರಿಗೆ ಅದು ಬಸ್ಸಿನಲ್ಲೇ ಅರ್ಥವಾಗಿತ್ತೋ ಏನೋ, ಕೇಳಿಲ್ಲ. ಅರ್ಥವಾಗದವನು ನಾನು, ಮುನ್ನೂರು ಪ್ರೀಸೆಟ್‌ಗಳ ಯಜಮಾನ. ನಾನೂ ಇನ್ನೊಂದು ಮನೆ ಕೆಳಗೆ ತಂತಿ ಇಳಿಸಿಕೊಂಡೆ. ಅಕ್ಕಾರು ಕಪ್ಪು ಮೂರರಲ್ಲಿ, ಅದು ಕಪ್ಪು ಮೂರು ಎಂದು ತಿಳಿದೇ, ಆ ಪದವನ್ನು ಮೊದಲಿನಿಂದ ಕೊನೆಯವರೆಗೆ ಒಂದೇ ಸಲಕ್ಕೆ ಹಾಡಿದರು. ಹಾಡು ಹೇಗಿತ್ತೆಂದು ನಾನು ವರ್ಣಿಸುವುದಿಲ್ಲ. ವರ್ಣಿಸಿದರೆ ನಾಳೆ ಅದೇ ನೆನಪಾಗಿ ಕುಳಿತುಬಿಡುತ್ತದೆ.

ಆಪರೇಷನ್ ಆಯಿತು. ಮಾತನಾಡಬಾರದೆಂದು ಡಾಕ್ಟರರ ಕಟ್ಟಪ್ಪಣೆ. ಹದಿನೈದು ದಿನದ ಮೇಲೆ ನಾನು ರೆಕಾರ್ಡಿಂಗನ್ನು ಮೊಬೈಲಿನಲ್ಲಿ ಹಾಕಿಕೊಂಡು ಬೆಟಗೇರಿಯ ಅಂಗಡಿಗೆ ಹೋದೆ. ಅಕ್ಕಾರು ಗಾದಿಯ ಮೇಲೆ ಕುಳಿತು ಕೈಸನ್ನೆಯಲ್ಲೇ ವ್ಯಾಪಾರ ನಡೆಸುತ್ತಿದ್ದರು. ಒಂದು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಇನ್ನೊಂದು ಕಿವಿಯನ್ನು ಗಿರಾಕಿಗಳಿಗೆ ಬಿಟ್ಟು, ಪೂರ್ತಿ ಕೇಳಿದರು. ಮೂರನೆಯ ಸಾಲಿನಲ್ಲಿ ಸೀರೆ ಮಡಿಸುವ ಕೈ ನಿಂತಿತು, ಮತ್ತೆ ಮುಂದುವರಿಯಿತು. ಮುಗಿದ ಮೇಲೆ ಸೀರೆಯೊಳಗಿನ ರಟ್ಟನ್ನು ಎಳೆದು, ಅದರ ಮೇಲೆ ಪೆನ್ನಿನಿಂದ ಏನೋ ಬರೆದು ನನ್ನ ಕಡೆ ತಿರುಗಿಸಿದರು.

ಗಿಟಾರ್ ಸಣ್ಣದ ಮಾಡು, ಎಂದಿತ್ತು.

ಮನೆಗೆ ಬಂದು ಸಣ್ಣದು ಮಾಡಿದೆ. ಮೊದಲು ಸ್ವಲ್ಪ, ಆಮೇಲೆ ಇನ್ನೂ ಸ್ವಲ್ಪ. ಈಗ ಅದರಲ್ಲಿ ಅಕ್ಕಾರ ದನಿ ಇದೆ, ಪೇಟಿ ಇದೆ, ಮುಂಡರಗಿ ಎಲ್ಲೋ ಅಡಿಯಲ್ಲಿ ಇರಬಹುದು.